ದರ್ಜಿಯ ಹನ್ನೊಂದನೇ ಪಂದ್ಯ

ನಾನು ಜೀವನದಲ್ಲಿ ಯಾರಿಗೂ ಒಂದು ಗುದ್ದು ಕೊಟ್ಟವನಲ್ಲ. ಆದರೆ ಯಾರು ಯಾರಿಗೆ, ಎಷ್ಟನೇ ಸುತ್ತಿನಲ್ಲಿ, ಯಾವ ಕೈಯಿಂದ ಗುದ್ದಿದರು ಎಂದು ಕೇಳಿ, ಎಲ್ಲ ನಾಲಿಗೆಯ ತುದಿಯಲ್ಲೇ ಇದೆ. ನಲವತ್ತು ವರ್ಷದಿಂದ ನಮ್ಮೂರಿನ ಬಾಕ್ಸಿಂಗ್ ಇತಿಹಾಸ ಬರೆಯುತ್ತಿದ್ದೇನೆ. ಒಬ್ಬೊಬ್ಬ ಬಾಕ್ಸರ್‌ಗೂ ಒಂದೊಂದು ಕಾರ್ಡು, ಕಾರ್ಡುಗಳೆಲ್ಲ ಚಪ್ಪಲಿ ಡಬ್ಬಗಳಲ್ಲಿ. "ಮನೆ ತುಂಬ ಚಪ್ಪಲಿ ಡಬ್ಬ, ನನಗೆ ಮಾತ್ರ ಒಂದೇ ಜೊತೆ ಚಪ್ಪಲಿ" ಎಂದು ನನ್ನ ಹೆಂಡತಿ ಬಂದವರೆದುರು ದೂರುತ್ತಾಳೆ.

ಪುಸ್ತಕದ ಎರಡನೇ ಮುದ್ರಣ ಶನಿವಾರ ಅಚ್ಚಿಗೆ ಹೋಗಬೇಕಿತ್ತು. ನನ್ನ ವಯಸ್ಸಿಗೆ ಮೂರನೆಯದು ಆಗದ ಮಾತು. ಸೋಮವಾರ ಬೆಳಿಗ್ಗೆ ನಮ್ಮೂರಿನ ದರ್ಜಿ ತಮ್ಮ ಮಗಳನ್ನು ಕರೆದುಕೊಂಡು ಬಂದರು. ವಯಸ್ಸಿನಲ್ಲಿದ್ದಾಗ ರಿಂಗಿಗೆ ಇಳಿದವರು. ಪುಸ್ತಕದಲ್ಲಿ ಅವರ ಹೆಸರಿನ ಮುಂದೆ 'ಹನ್ನೊಂದು ಪಂದ್ಯ, ಹನ್ನೊಂದು ಸೋಲು' ಎಂದಿದೆ. ಅದನ್ನು ತಿದ್ದಿ ಎಂದು ಕೇಳಲು ಬಂದಿದ್ದು ಇದು ಮೂರನೇ ಸಲ.

"ಹತ್ತು ಸೋಲು ನನ್ನವೇ ಸಾರ್, ಅದಕ್ಕೆ ತಕರಾರಿಲ್ಲ. ಕೊನೇದು ಮಾತ್ರ ಗೆದ್ದಿದ್ದೆ."

ಕೊನೆಯ ಪಂದ್ಯ ನಡೆದದ್ದು ಐಸ್ ಫ್ಯಾಕ್ಟರಿಯ ಮೇಸ್ತ್ರಿಯ ಜೊತೆ. ಮೇಸ್ತ್ರಿ ಎಂದರೆ ಸಾಮಾನ್ಯರಲ್ಲ, ಮೂವತ್ತೆರಡು ಪಂದ್ಯಗಳಲ್ಲಿ ಒಂದೂ ಸೋಲಿಲ್ಲ. ನನ್ನ ಪುಸ್ತಕದ ಮೊದಲ ಅಧ್ಯಾಯವೇ ಅವರು, ಅದರ ಹೆಸರು 'ಸೋಲರಿಯದವರು'.

"ಮೇಸ್ತ್ರಿಗೆ ಜಯ ಅಂತ ಪೇಪರ್‌ನಲ್ಲೇ ಬಂದಿದೆಯಲ್ಲ" ಎಂದೆ, ಕಡ್ಡಿ ಮುರಿದ ಹಾಗೆ.

"ಅಪ್ಪ, ಸಾಕು ಬನ್ನಿ" ಎಂದಳು ಮಗಳು. ದನಿಯಲ್ಲಿ ಕೋಪವಿರಲಿಲ್ಲ, ಕನಿಕರವಿತ್ತು. ಆ ಗೆಲುವಿನ ಕಥೆ ಕೇಳಿಯೇ ಬೆಳೆದವಳು, ನಂಬುವುದನ್ನು ಮಾತ್ರ ಎಂದೋ ಬಿಟ್ಟಿದ್ದಳು. ದರ್ಜಿಯ ಮುಖ ನೋಡಲಾಗದೆ ನಾನು ಡಬ್ಬದಲ್ಲಿ ಇಲ್ಲದ್ದನ್ನು ಹುಡುಕಿದೆ.

ಅವರು ಹೋದ ಮೇಲೆ ಹೆಂಡತಿ ಕೇಳಿದಳು, "ರೀ, ಆ ಮೇಸ್ತ್ರಿಯನ್ನ ಕೇಳಿದ್ರಾ?"

"ಗೆದ್ದವರ ಮನೆಗೆ ಹೋಗಿ, ಸೋತಿದ್ರಾ ಅಂತ ಕೇಳೋದಾ?"

"ಸೋತೋರನ್ನ ಮಾತ್ರ ಎಷ್ಟು ಸಲ ಬೇಕಾದ್ರೂ ಬೈದು ಕಳಿಸಬಹುದಾ?"

ಹಳೆಯ ವರದಿ ತೆಗೆದು ನೋಡಿದೆ. ಅಂದಿನ ಬೇರೆ ಪಂದ್ಯಗಳಿಗೆಲ್ಲ ಸುತ್ತು, ಹೊಡೆತ, ನಿಮಿಷ ಎಲ್ಲ ಇವೆ. ಎಲ್ಲಕ್ಕಿಂತ ಕೊನೆಗೆ ನಡೆದ ಈ ಪಂದ್ಯಕ್ಕೆ ಮಾತ್ರ 'ಮೇಸ್ತ್ರಿಗೆ ಜಯ', ಅಷ್ಟೇ. ಪತ್ರಿಕೆಯ ಪುಟ ಬೇಗ ಅಚ್ಚಿಗೆ ಹೋಗುತ್ತಿದ್ದ ಕಾಲ ಅದು. ಕೊನೆಯ ಪಂದ್ಯಕ್ಕೆ ಕಾಯದೆ, ಗೆಲ್ಲುವವರೆಂದು ಎಲ್ಲರೂ ನಂಬಿದವರ ಹೆಸರು ಬರೆದು ವರದಿಗಾರರು ಎದ್ದು ಹೋಗುತ್ತಿದ್ದರು. ಈ ಚಾಳಿ ನನಗೆ ಗೊತ್ತಿಲ್ಲದ್ದೇನಲ್ಲ. ಇಂಥ ಐದಾರು ತಪ್ಪುಗಳನ್ನು ಹಿಡಿದು ಬೀಗಿದವನು ನಾನೇ. ಇಲ್ಲಿ ಮಾತ್ರ ಹುಡುಕಿರಲಿಲ್ಲ, ಹುಡುಕಿದರೆ ನನ್ನ ಮೊದಲ ಅಧ್ಯಾಯ ಕೆಡುತ್ತಿತ್ತು.

ಮರುದಿನ ಹೋದಾಗ ಮೇಸ್ತ್ರಿ ಕಿಟಕಿಯ ಬಳಿ ಟೇಬಲ್ ಫ್ಯಾನ್ ಬಿಚ್ಚಿಕೊಂಡು ಕೂತಿದ್ದರು. ತಡವರಿಸುತ್ತಾ ಕೇಳಿದೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು.

"ಆರನೇ ಸುತ್ತು. ಎಡಗೈಯಲ್ಲಿ ಕೊಟ್ರು. ನಾನು ಏಳೋ ಹೊತ್ತಿಗೆ ರೆಫರಿ ಹತ್ತು ಎಣಿಸಿ ಆಗಿತ್ತು."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಮಾರನೇ ದಿನ ಪೇಪರ್‌ನಲ್ಲಿ ಗೆದ್ದೆ ಅಂತ ಇತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ದಿನ ಹೋಯ್ತು. ಆಮೇಲೆ ನಿಮ್ಮ ಪುಸ್ತಕ ಬಂತು, ನಾಲಿಗೆ ಏಳಲೇ ಇಲ್ಲ. ಯಾರಾದ್ರೂ ಕೇಳಿದ್ರೆ ಹೇಳ್ಬಿಡೋದು ಅಂದ್ಕೊಂಡಿದ್ದೆ. ನೀವು ಎಷ್ಟು ಸಲ ಬಂದು ಕೂತ್ರಿ, ಇದೊಂದು ಕೇಳ್ಲಿಲ್ಲ."

ನಾಚಿಕೆಯಿಂದ ತಲೆ ತಗ್ಗಿಸಿದೆ. ಅವರು ಒಂದು ಹಾಳೆ ತರಿಸಿ, ಆಡಿದ ಮಾತನ್ನೆಲ್ಲ ಬರೆದು ಸಹಿ ಹಾಕಿದರು. "ಕೇಳಿದ್ದು ಒಳ್ಳೇದಾಯ್ತು" ಎಂದು ನನ್ನ ಕೈ ಹಿಡಿದುಕೊಂಡರು. ನಲವತ್ತು ವರ್ಷದಲ್ಲಿ ಇಷ್ಟು ದೊಡ್ಡ ಸಾಕ್ಷಿ ನನಗೆ ಯಾರೂ ಕೊಟ್ಟಿರಲಿಲ್ಲ. ಅವರಿಗೆ ನಾನು ಋಣಿ, ಮೂರು ಸಲ ಮೆಟ್ಟಿಲು ಹತ್ತಿದ ದರ್ಜಿಗೂ ಋಣಿ. ಹೆಂಡತಿಗೂ ಋಣಿ, ಹಾಗೆಂದು ಹೇಳಿದರೆ ನಗುತ್ತಾಳೆ, ಆದರೂ ಹೇಳಿದೆ.

ಶುಕ್ರವಾರ ತಿದ್ದಿದ ಪುಟ ಹಿಡಿದು ದರ್ಜಿಯ ಅಂಗಡಿಗೆ ಹೋದೆ. ಮಗಳು ಒಂದು ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದಳು. ದರ್ಜಿ ಮಷಿನ್ ನಿಲ್ಲಿಸಿದರು, ಕೈ ಮಾತ್ರ ಚಾಚಲಿಲ್ಲ.

"ಅವಳು ಓದ್ಲಿ ಸಾರ್."

ಅವಳು ಎದ್ದು ಬಂದು ಓದಿದಳು. "ಹನ್ನೊಂದು ಪಂದ್ಯ. ಹತ್ತು ಸೋಲು. ಒಂದು ಗೆಲುವು, ಆರನೇ ಸುತ್ತಿನಲ್ಲಿ."

"ಇನ್ನೊಂದ್ಸಲ ಓದಮ್ಮ" ಎಂದರು ದರ್ಜಿ. ಅವಳು ಓದಿದಳು. ಮೂರನೇ ಸಲ ಅವರು ಕೇಳಲಿಲ್ಲ, ಅವಳೇ ಓದಿದಳು.