ಡಬ್ಬಿಯ ಜಾಗ

ಸಿಂಗಪುರದ ಟ್ಯಾಂಪಿನೀಸಿನ ಮನೆಯಲ್ಲಿ ಅನಂತರಾಮ್ ಊಟದ ಮೇಜಿನ ಮೇಲೆ ಅಮೆರಿಕದ ನಕ್ಷೆ ಹರಡಿಕೊಂಡು, ಅಪಲೇಶಿಯನ್ ಬೆಟ್ಟಗಳ ದಕ್ಷಿಣ ತುದಿಗೆ ಕೆಂಪು ಗೆರೆ ಎಳೆಯುತ್ತಿದ್ದ. ಅವನ ಕಾನ್ಫರೆನ್ಸ್ ಮುಗಿದ ಮೇಲೆ ಮನೆಯವರೆಲ್ಲ ಬಾಡಿಗೆ ಕಾರಿನಲ್ಲಿ ಅಲ್ಲಿ ಸುತ್ತುವುದೆಂದು ಅವನೇ ತೀರ್ಮಾನಿಸಿದ್ದ. ಹೆಂಡತಿ ರೇಣುಕಾಳನ್ನು ಒಂದು ಮಾತೂ ಕೇಳಿರಲಿಲ್ಲ.

"ಆಶ್‌ವಿಲ್‌ನಲ್ಲಿ ಒಂದು ರಾತ್ರಿ, ಆಮೇಲೆ ಸ್ಮೋಕಿ ಮೌಂಟನ್ಸ್. ಬರೀ ತಿರುವು ರಸ್ತೆ, ಹಿಂದೆ ಕೂತ್ರೆ ಅಮ್ಮಂಗೆ ವಾಂತಿ ಬರತ್ತೆ. ಅವರು ಮುಂದೆ, ನೀನು ಹಿಂದೆ. ಪುಳಿಯೋಗರೆ ಡಬ್ಬಿ ನಿನ್ನ ತೊಡೆ ಮೇಲಿರಲಿ, ಡಿಕ್ಕಿಲಿಟ್ರೆ ಚೆಲ್ಲತ್ತೆ."

"ಅವಳಿಗೇನು, ಎಲ್ಲಿ ಕೂತ್ರೂ ಒಂದೇ," ಎಂದರು ಸೋಫಾದಲ್ಲಿದ್ದ ಅತ್ತೆ ಸತ್ಯವತಿ.

ಮದುವೆಯಾದಾಗಿನಿಂದ ಹತ್ತಿದ ಪ್ರತಿ ಕಾರಿನಲ್ಲೂ ರೇಣುಕಾಳ ಜಾಗ ಅದೇ, ತೊಡೆಯ ಮೇಲಿನ ಡಬ್ಬಿಯೂ ಅದೇ. ಅವಳ ಮೈ ಉರಿದುಹೋಯಿತು.

"ಕಾರು ಓಡಿಸೋರು ಯಾರು?"

"ಇನ್ಯಾರು, ನಿಮ್ಮಪ್ಪನಾ?"

"ನಿಮ್ಮ ಇಂಡಿಯಾ ಲೈಸೆನ್ಸ್ ಎಕ್ಸ್‌ಪೈರ್ ಆಗಿ ಎಷ್ಟು ವರ್ಷ ಆಯ್ತು? ಎಂಆರ್‌ಟಿ ರೈಲು ಇರೋವಾಗ ಅದ್ಯಾಕೆ ಅಂತ ರಿನ್ಯೂ ಮಾಡಿಸ್ಲೇ ಇಲ್ಲ. ಈ ಮನೇಲಿ ಲೈಸೆನ್ಸ್ ಇರೋದು ನನ್ನೊಬ್ಬಳ ಹತ್ರ."

ಅವಳು ಕಳೆದ ವರ್ಷ ಇಲ್ಲೇ ಟೆಸ್ಟ್ ಪಾಸಾಗಿ ಬಂದಾಗ, "ಕಾರೇ ಇಲ್ಲದ ಮನೆಗೆ ಡ್ರೈವರಮ್ಮ ಬಂದ್ಲು" ಎಂದು ಬಿದ್ದುಬಿದ್ದು ನಕ್ಕವನು ಅವನೇ. ಈಗ ಕೆಂಪು ಪೆನ್ನು ಬೆಟ್ಟದ ನಡುವೆಯೇ ನಿಂತುಬಿಟ್ಟಿತು.

ರೇಣುಕಾ ಅಡುಗೆಮನೆಗೆ ಹೋಗಿ ದೊಡ್ಡ ಸ್ಟೀಲ್ ಡಬ್ಬಿಯನ್ನು ತಂದು ಅವನ ತೊಡೆಯ ಮೇಲೆ ಕುಕ್ಕಿದಳು.

"ಅತ್ತೆ ಮುಂದೇನೇ ಕೂತ್ಕೊಳ್ಳಲಿ. ನೀವು ಈಗಿಂದ್ಲೇ ಪ್ರಾಕ್ಟೀಸ್ ಮಾಡ್ಕೊಳ್ಳಿ."