ಗಾಳಿ ಡ್ರೈವರನ ಹೊಸ ಮೀನು

ಆವತ್ತು ಬೆಳಿಗ್ಗೆ ಕವಿದ ಮಂಜು ಬೀದಿಯಾಚೆಯ ಮನೆಗಳನ್ನೆಲ್ಲ ಎತ್ತಿ ಜೇಬಿಗೆ ಹಾಕಿಕೊಂಡಿತ್ತು. ಒಂದೆಲೆಯೂ ಅಲುಗುತ್ತಿರಲಿಲ್ಲ. ಬಸ್ ಡ್ರೈವರ್ ನೀರಿನ ಚೀಲವನ್ನು ಸ್ವೆಟರಿನೊಳಗೆ ಹೊಟ್ಟೆಗವಚಿಕೊಂಡು, ಮೊಣಕೈಯಿಂದ ಬಾಗಿಲು ತಳ್ಳಿ ಒಳಗೆ ಬಂದ. ಚೀಲದಲ್ಲಿ ಬಿಳಿ ಪಟ್ಟೆಯ, ಕಿತ್ತಳೆ ಬಣ್ಣದ ಬೆರಳುದ್ದದ ಮೀನು.

"ಒಳ್ಳೇ ಬಸುರಿ ಥರ ಬರ್ತಿದ್ದೀರಲ್ಲ!" ಹೆಂಡತಿ ನಕ್ಕಳು.

"ಚಳಿ ಕಣೇ. ಕೂಸಿಗೆ ನೆಗಡಿ ಆದೀತು."

ಅವನ ಬಸ್ಸು ಯಾವತ್ತೂ ಹೊತ್ತಿಗೆ ಮುಂಚೆಯೇ ನಿಲ್ದಾಣ ಸೇರುತ್ತಿತ್ತು. ಪ್ರಯಾಣಿಕರು ಇಟ್ಟ ಹೆಸರು ಗಾಳಿ. ಆ ಅವಸರವೇ ಮನೆಯಲ್ಲೊಂದು ಜೀವ ತೆಗೆದಿತ್ತು. ಹೋದ ಸಲ ತಂದ ಮೀನನ್ನು, ಡ್ಯೂಟಿಗೆ ಹೊತ್ತಾಯಿತೆಂದು, ಚೀಲ ಬಿಚ್ಚಿದವನೇ ಕಡಲಮೀನು ಸಾಕುವ ಉಪ್ಪುನೀರಿನ ಗಾಜಿನ ತೊಟ್ಟಿಗೆ ಸುರಿದು ಓಡಿದ್ದ. ಸಂಜೆ ಬರುವಷ್ಟರಲ್ಲಿ ಅದು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ತೊಟ್ಟಿಯಲ್ಲಿ ಮೊದಲಿನಿಂದ ಇದ್ದ ಮೀನು ಕಲ್ಲಿನ ಹಿಂದೆ ಒಂಟಿಯಾಗಿಯೇ ಉಳಿಯಿತು. ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತರಾಗಿ ಮಗಳ ಜೊತೆಗಿದ್ದ ಅತ್ತೆ ಒಂದು ಮಾತೂ ಬೈಯಲಿಲ್ಲ. ತೊಟ್ಟಿಯ ಮೀನು ಎತ್ತುವ, ಹಿಡಿಯಿರುವ ಅವನ ಪುಟ್ಟ ಬಲೆಯನ್ನು ತೊಳೆದು, ಒರೆಸಿ, ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು, ಅಷ್ಟೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಅಳಿಯನಿಗೆ ಇಂದಿಗೂ ಅನಿಸುತ್ತಿತ್ತು.

"ಈ ಸಲ ನೀವು ಹೇಳಿದ ಹಾಗೇ ಮಾಡ್ತೀನಿ ಅತ್ತೆ."

"ನೋಡೋಣ. ಮೊದಲು ತೊಟ್ಟಿ ದೀಪ ಆರಿಸಿ. ಹೊಸದಾಗಿ ಬಂದವರ ಮುಖಕ್ಕೆ ಬೆಳಕು ಹಿಡೀಬಾರದು."

ಚೀಲ ಸ್ವಲ್ಪ ಹೊತ್ತು ತೊಟ್ಟಿಯಲ್ಲೇ ತೇಲಿ ಬೆಚ್ಚಗಾಯಿತು. ಆಮೇಲೆ ಮೀನನ್ನು ಅದರ ನೀರಿನ ಸಮೇತ ಬಕೆಟ್ಟಿಗೆ ಇಳಿಸಿದರು. ತೊಟ್ಟಿಯಿಂದ ಬಕೆಟ್ಟಿಗೆ ಸಣ್ಣ ಕೊಳವೆ ಇಳಿಬಿಟ್ಟು, ಅತ್ತೆ ಅದರ ನಡುವೆ ಗಂಟು ಹಾಕಿ ಬಿಗಿದರು. ನೀರು ಒಂದೊಂದೇ ಹನಿಯಾಗಿ ತೊಟ್ಟಿಕ್ಕತೊಡಗಿತು.

"ಸಲೈನ್ ಹಾಕಿದ ಹಾಗೇ. ಅಂಗಡಿ ನೀರಿನ ಉಪ್ಪೇ ಬೇರೆ, ನಮ್ಮ ಮನೆ ಉಪ್ಪೇ ಬೇರೆ. ನಿಧಾನಕ್ಕೆ ಒಗ್ಗಬೇಕು. ಬಕೆಟ್ಟಿನ ನೀರು ಈ ಗೆರೆ ಮುಟ್ಟೋವರೆಗೂ ಗಂಟಿಗೆ ಕೈ ಹಾಕಬೇಡಿ," ಎಂದವರೇ ಅತ್ತೆ ಪ್ರಾರ್ಥನೆಗೆ ಒಳಗೆ ಹೋದರು.

ಡ್ರೈವರ್ ಸ್ಟೂಲಿನ ಮೇಲೆ ಕೂತ. ಹನಿ ಬೀಳುತ್ತಿತ್ತು. ಅವನ ಬಲಗಾಲು ತನ್ನಷ್ಟಕ್ಕೇ ನೆಲ ಒತ್ತುತ್ತಿತ್ತು, ಬಕೆಟ್ಟಿಗೆಲ್ಲಿಯ ಆಕ್ಸಿಲರೇಟರ್!

ಅಷ್ಟರಲ್ಲಿ ಅವನ ಬಸ್ಸಿನ ಕಂಡಕ್ಟರ್ ಬ್ಯಾಟು ಹಿಡಿದು ಬಂದ. "ಅಣ್ಣಾ, ಇನ್ನೂ ಹೊರಟಿಲ್ವಾ? ಮಂಜು ಹರೀತಿದ್ದ ಹಾಗೇ ಡಿಪೋ ಮ್ಯಾಚು. ನೀನೇ ಓಪನಿಂಗು!"

"ಇದು ತುಂಬಬೇಕಲ್ಲೋ."

"ಗಂಟು ಸಡಿಲ ಬಿಡು. ಚಿಟಿಕೆ ಹೊಡೆಯೋದ್ರಲ್ಲಿ ತುಂಬುತ್ತೆ. ಯಾರು ನೋಡ್ತಾರೆ?"

ಬೆರಳುಗಳು ಗಂಟಿನವರೆಗೆ ಹೋದವು. ಬಕೆಟ್ಟಿನ ತಳದಲ್ಲಿ ಮೀನಿನ ಕಿವಿರು ಗಾಬರಿಯಿಂದ ಬಡಿದುಕೊಳ್ಳುತ್ತಿತ್ತು. ಆ ಸಂಜೆ ನೀರ ಮೇಲೆ ಕಂಡ ಬಿಳಿಹೊಟ್ಟೆ ನೆನಪಾಗಿ ಡ್ರೈವರ್ ಕೈ ಹಿಂದಕ್ಕೆಳೆದುಕೊಂಡ.

"ನೀನು ನಡಿ. ನನ್ನ ಜಾಗಕ್ಕೆ ಮೆಕ್ಯಾನಿಕ್ಕನ್ನ ಇಳಿಸಿ."

"ಅವನಾ? ಬ್ಯಾಟು ಕೊಟ್ರೆ ಅದರಡಿಗೆ ಮಲಗಿ ನಟ್ಟು ಹುಡುಕ್ತಾನೆ!" ಕಂಡಕ್ಟರ್ ಗೊಣಗಿದ. ಬಕೆಟ್ಟಿಗೆ ಬಗ್ಗಿ ನೋಡಿದ. "ಪಾಪ, ಎಷ್ಟು ಚಿಕ್ಕದಿದೆ." ಇನ್ನೊಮ್ಮೆ ನೋಡಿದ. ಆಮೇಲೆ ಬ್ಯಾಟನ್ನು ಗೋಡೆಗೆ ಒರಗಿಸಿ ತಾನೂ ನೆಲದ ಮೇಲೆ ಕೂತ. "ಹೆಂಗಿದ್ರೂ ಸೋಲೋ ಮ್ಯಾಚು ಬಿಡು."

ಇಬ್ಬರೂ ಹನಿ ನೋಡುತ್ತ ಕೂತರು. ಕಿಟಕಿಯಾಚೆ ಮಂಜು ಒಂದೊಂದಾಗಿ ಮನೆಗಳನ್ನು ಹಿಂದಕ್ಕೆ ಕೊಟ್ಟಿತು. ಮೀನಿನ ಉಸಿರು ತಹಬಂದಿಗೆ ಬಂತು. ಅದು ಬಕೆಟ್ಟಿನೊಳಗೆ ಒಂದು ಸುತ್ತು ಹಾಕಿತು. ತೊಟ್ಟಿಯ ಹಳೆಯ ಮೀನು ಕಲ್ಲಿನ ಮರೆಯಿಂದ ಮೂತಿ ಹೊರಹಾಕಿತು. ಡ್ರೈವರನ ಬಲಗಾಲು ಯಾವಾಗ ಸುಮ್ಮನಾಯಿತೋ, ಅವನಿಗೇ ತಿಳಿಯಲಿಲ್ಲ. ಒಳಗಿನ ಪ್ರಾರ್ಥನೆಯ ಗುನುಗು ನಿಂತಿದ್ದೂ ತಿಳಿಯಲಿಲ್ಲ.

ನೀರು ಗೆರೆ ಮುಟ್ಟಿತು. "ಹೋಲ್ಡಾನ್!" ಎಂದು ಕಂಡಕ್ಟರ್ ಬಸ್ಸು ನಿಲ್ಲಿಸುವವನಂತೆ ಕೂಗಿದ. ಅಡುಗೆಮನೆಯಿಂದ ಹೆಂಡತಿ ಕಿಸಕ್ಕನೆ ನಕ್ಕಳು.

ಡ್ರೈವರ್ ಕೊಳವೆ ತೆಗೆದು, "ಅತ್ತೆ, ಆಯ್ತು... ಬಲೆಯಿಂದ ನೀವೇ ಎತ್ತಿ ಬಿಡಿ," ಎನ್ನುತ್ತ ತಿರುಗಿದ. ಅತ್ತೆ ಬಾಗಿಲಲ್ಲೇ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ!

ಅವರು ಒಳಗೆ ಹೋದರು. ಬೀರುವಿನ ಬೀಗ ತೆರೆದ ಸದ್ದಾಯಿತು. ಪುಟ್ಟ ಬಲೆಯನ್ನು ತಂದು, ಆಪರೇಷನ್ ಕೋಣೆಯಲ್ಲಿ ಡಾಕ್ಟರಿಗೆ ಕತ್ತರಿ ಕೊಡುವಂತೆ ಹಿಡಿಯನ್ನು ಮುಂದೆ ಮಾಡಿ, ಅವನ ಅಂಗೈಯಲ್ಲಿಟ್ಟರು.