ವಾಪಸು ಬಂದ ಸೋಪು

ಉಪ್ಪಿನಕಾಯಿಗೆಂದು ಜಂತಿಗೆ ನೇತುಹಾಕಿದ ಮೂಲಂಗಿಗೆ ಚೆರಿ ಕಟ್ಟಿಗೆಯ ಹೊಗೆ ಹಿಡಿಯುವಾಗಿನ ವಾಸನೆ ಕಿನುಯೊಳ ಬಾಲ್ಯದ ವಾಸನೆ. ಅಕಿತಾ ಪ್ರಾಂತ್ಯದ ಆ ಹಳ್ಳಿಯಲ್ಲಿ ಹಿಮಕ್ಕಿಂತ ಮೊದಲು ಅದೇ ಬರುತ್ತಿತ್ತು. ಶಾಲೆಯಲ್ಲಿ ಎಲ್ಲ ಮಕ್ಕಳ ತಲೆಯೂ ಉಪ್ಪಿನಕಾಯಿ ಜಾಡಿಯಂತೆ ನಾರುತ್ತಿತ್ತು. ಇವತ್ತೂ ಪಕ್ಕದ ಮನೆಯ ಉಮೆನೊಳ ಹಿತ್ತಲಿನಿಂದ ಆ ಹೊಗೆ ಏಳುತ್ತಿತ್ತು.

ಎರಡು ವರ್ಷದ ಹಿಂದೆ ಊರಿನ ವಾರ್ಷಿಕ ತಪಾಸಣೆಯಲ್ಲಿ ಕಿನುಯೊಳ ಹೊಟ್ಟೆಯೊಳಗೆ ಕ್ಯಾನ್ಸರ್ ಕಂಡಿತ್ತು. "ಮೊಳಕೆಯಲ್ಲೇ ಸಿಕ್ಕಿದೆ, ಅದೃಷ್ಟವಂತರು" ಎಂದು ಡಾಕ್ಟರು ಜಠರದ ಮುಕ್ಕಾಲು ಪಾಲು ಕತ್ತರಿಸಿ ತೆಗೆದರು. ಅಲ್ಲಿನ ರೂಢಿಯಂತೆ, ಗುಣವಾದವರು ತಮ್ಮನ್ನು ನೋಡಲು ಬಂದವರಿಗೆಲ್ಲ ಉಡುಗೊರೆ ಕೊಡಬೇಕು; ಕಾಯಿಲೆ ತೊಳೆದುಹೋಗಲೆಂದು ಸೋಪು ಕೊಡುವವರೇ ಹೆಚ್ಚು. ಗುಣವಾದ ಬಗ್ಗೆ ಇನ್ನೂ ಅನುಮಾನವಿದ್ದರೆ ಹೊದಿಕೆಯ ಮೇಲೆ ಬರೀ 'ಕೃತಜ್ಞತೆ' ಎಂದು ಬರೆಸುವುದು ಲೇಸು. ಕಿನುಯೊ ಆಸ್ಪತ್ರೆಯಿಂದ ಬಂದವಳೇ 'ಪೂರ್ಣ ಗುಣ' ಎಂದು ದಪ್ಪಗೆ ಬರೆಸಿ ಬೀದಿಗೆಲ್ಲ ಹಂಚಿಬಿಟ್ಟಳು.

ಈಗ ಬೆನ್ನುನೋವು. ವಯಸ್ಸಿನದೆಂದುಕೊಂಡರೆ, ಅದೇ ಕ್ಯಾನ್ಸರ್ ಮೂಳೆಯೊಳಗಿನ ಮಜ್ಜೆಗೆ ಹೋಗಿ ಕೂತಿತ್ತು. ಅಷ್ಟು ಚಿಕ್ಕದು ಇಷ್ಟು ದೂರ ಬರುವುದು ತೀರಾ ಅಪರೂಪ ಎಂದು ಡಾಕ್ಟರು ತಲೆಬಾಗಿಸಿದರು.

ಸುದ್ದಿ ತಿಳಿದ ಬೀದಿಯವರು ಹೆಣದ ಮುಂದೆ ಮಾತಾಡುವಂತೆ ಮೆಲುದನಿ ತೆಗೆದರು. ಶಾಲೆಯ ದಿನಗಳಿಂದ ತನ್ನನ್ನು ಬೈದುಕೊಂಡೇ ಬಂದ ಉಮೆನೊ ಕೂಡ ಹೀಗೆ ಮೆತ್ತಗಾಗಿಬಿಟ್ಟರೆ? ಸಾವಿಗಿಂತ ಕಿನುಯೊಗೆ ಅದೇ ದಿಗಿಲು. ತಾನೇ ಹೇಳಿಬಿಡೋಣವೆಂದು ಪಕ್ಕದ ಮನೆಗೆ ಹೋದಳು.

"ಲೇ ಉಮೆನೊ, ಮಜ್ಜೆಗೆ ಹೋಗಿದೆಯಂತೆ ಕಣೇ."

ಉಮೆನೊ ಹೆಚ್ಚುತ್ತಿದ್ದ ಮೂಲಂಗಿಯನ್ನು ಇನ್ನೂ ಸಣ್ಣಗೆ ಹೆಚ್ಚಿದಳು. ಆಮೇಲೆ ಎದ್ದು ಒಳಗೆ ಹೋದಳು. ಅಳುವುದಕ್ಕೇ ಹೋದಳೆಂದುಕೊಂಡಳು ಕಿನುಯೊ. ಬಂದವಳು ಸೋಪಿನ ಪೆಟ್ಟಿಗೆಯನ್ನು ಮುಂದೆ ಕುಕ್ಕಿದಳು. ಹೊದಿಕೆಯನ್ನೇ ಬಿಚ್ಚಿರಲಿಲ್ಲ.

"ತಗೊಂಡ್ಹೋಗು ನಿನ್ನ ಪೂರ್ಣ ಗುಣ! ಆವತ್ತೇ ಅಂದ್ಕೊಂಡೆ, ಈ ಹೆಂಗಸಿಗೆ ಎಲ್ಲದ್ರಲ್ಲೂ ಅವಸರ ಅಂತ. ಗಂಡಿನ ಮುಖ ನೋಡೋಕ್ ಮುಂಚೆನೇ ಹೂಂ ಅಂದವಳಲ್ವಾ ನೀನು!"

"ಎರಡು ವರ್ಷದಿಂದ ಸೋಪೇ ಮುಟ್ಟಿಲ್ವಾ? ಅದಕ್ಕೇ ಈ ನಾತ."

"ಬಳಸಿದ್ರೆ ಕರಗಿಹೋಗುತ್ತಲ್ಲೇ. ನಿನ್ನ ಬಾಯಿಗೆ ತುರುಕೋಕೆ ಏನಿರ್ತಿತ್ತು?"

ಕಿನುಯೊ ಬೆನ್ನು ಹಿಡಿದುಕೊಂಡು ನಕ್ಕಳು. ನೋಯುತ್ತಿತ್ತು, ಆದರೂ ನಿಲ್ಲಲಿಲ್ಲ.

"ಮೆಲ್ಲಗೆ ನಗೇ. ಮೂಳೆ ಮುರ್ಕೊಂಡ್ರೆ ಹೊತ್ಕೊಂಡ್ ಹೋಗೋಕೆ ನನ್ ಕೈಲಾಗಲ್ಲ."

ಉಮೆನೊ ಎದ್ದು ಒಂದು ಬಟ್ಟಲು ತುಂಬಿ ತಂದಳು. ಉಗುರುಬೆಚ್ಚಗಿನ ಅಕ್ಕಿಗಂಜಿಯ ಮೇಲೆ, ಕಾಲುಪಾಲು ಉಳಿದ ಜಠರಕ್ಕೂ ಒಗ್ಗುವಂತೆ ಸಾಸಿವೆಯಷ್ಟು ಸಣ್ಣಗೆ ಹೆಚ್ಚಿದ್ದ ಆ ಮೂಲಂಗಿ ಉದುರಿಸಿದಳು. ಚಮಚದ ಹಿಡಿಯನ್ನು ಗೆಳತಿಯ ಕಡೆ ತಿರುಗಿಸಿ, ಬಟ್ಟಲನ್ನು ಎರಡೂ ಕೈಯಲ್ಲಿ ಚಾಚಿದಳು.